ಗಾಯ ಮಾಸಿದ ಮೇಲೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲಾ ದಿನಗಳ ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ನಮ್ಮ ತರಗತಿಯಲ್ಲಿಯೇ ಹತ್ತಾರು ಮಂದಿ ಇದ್ದಾರೆಂದು ಅರಿಕೆ ಮಾಡಿಕೊಂಡೆ. ನನಗೆ ಚೆನ್ನಾಗಿ ತಿಳಿದಿರುವುದು ಒಂದೇ ವಿಷಯ. 1987ರಿಂದ 2024ರ ವರೆಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದೆ. ಆ ಅವಧಿಯ ದೊಡ್ಡ ಪಾಲು ಕಳೆದದ್ದು ಗಾಯ ಕಟ್ಟುವ ಕೋಣೆಯಲ್ಲಿ. ಆ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯಿಂದ ಕಾಲು ಕೆಟ್ಟವರು. ಅವರಲ್ಲಿಯೂ ಬಹುಮಂದಿ ಗಡಿಯ ಈಚೆಯಿಂದ, ಅಂದರೆ ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಗಳಿಂದ ಬಸ್ಸು ಹಿಡಿದು ಬರುತ್ತಿದ್ದವರು. "ಹಾಗಿದ್ದರೆ ಕಾಲಿನ ಬಗ್ಗೆಯೇ ಬರೆಯಿರಿ, ನಮ್ಮಲ್ಲಿ ಸಕ್ಕರೆ ಇಲ್ಲದ ಮನೆ ಯಾವುದಿದೆ?" ಎಂದರು ಸಂಪಾದಕರು. ಹಬ್ಬದ ಸಂಚಿಕೆಯಲ್ಲಿ ಹುಣ್ಣು, ಕೀವುಗಳ ಮಾತು ಬರುವುದಕ್ಕೆ ಓದುಗರು ಕ್ಷಮಿಸಬೇಕು.

ಸಂಪಾದಕರ ಮಾತು ಉತ್ಪ್ರೇಕ್ಷೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆ. ರಾಜ್ಯವಾರು ಲೆಕ್ಕದಲ್ಲಿ ಗೋವೆ ಮೊದಲನೆಯದು. ಕೇರಳದಲ್ಲಿ ವಯಸ್ಕರ ಪೈಕಿ ಶೇಕಡಾ 25.5, ಅಂದರೆ ನಾಲ್ವರಲ್ಲಿ ಒಬ್ಬರಿಗೆ ಈ ಕಾಯಿಲೆ. ಹೀಗೆ ಮಧುಮೇಹ ಬಂದವರಲ್ಲಿ ಶೇಕಡಾ 19ರಿಂದ 34ರಷ್ಟು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಪಾದದಲ್ಲಿ ಹುಣ್ಣಾಗುತ್ತದೆ ಎಂಬುದು ತಜ್ಞರ ಅಂದಾಜು. ಈ ಎರಡು ಲೆಕ್ಕಗಳನ್ನು ಕೂಡಿಸಿ ನೋಡಿದರೆ, ಮಹೋತ್ಸವದ ಚಪ್ಪರದಡಿಯಲ್ಲಿ ಕುಳಿತವರ ಪಾದಗಳ ಬಗ್ಗೆ ಯೋಚಿಸುವುದು ಅಪ್ರಸ್ತುತವಾಗಲಾರದು.

ಹುಣ್ಣು ಹೇಗಾಗುತ್ತದೆ ಎಂಬುದನ್ನು ಈಗ ಪತ್ರಿಕೆಗಳು ಸಾಕಷ್ಟು ಬರೆಯುತ್ತವೆ. ನಾನು ಬರೆಯಬೇಕೆಂದಿರುವುದು ಅದಲ್ಲ. ಹುಣ್ಣು ಮಾಸಿ, ಕೊನೆಯ ಪಟ್ಟಿ ಬಿಚ್ಚಿ, "ಇನ್ನು ಬರಬೇಕಾಗಿಲ್ಲ" ಎಂದು ಹೇಳಿಸಿಕೊಂಡು ಮನೆಗೆ ಹೋದವರು ಐದು, ಹತ್ತು ವರ್ಷಗಳ ಬಳಿಕ ಏನಾಗುತ್ತಾರೆ ಎಂಬುದು ನನ್ನ ವಿಷಯ. ಶಸ್ತ್ರವೈದ್ಯರು ಬದಲಾಗುತ್ತಾರೆ, ಕಿರಿಯ ವೈದ್ಯರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಗಾಯ ಕಟ್ಟುವ ಕೋಣೆಯ ದಾದಿಯೊಬ್ಬಳು ಮಾತ್ರ ಅಲ್ಲಿಯೇ ಇರುತ್ತಾಳೆ. ಒಂದೇ ಮನುಷ್ಯನ ಕಾಲನ್ನು ಹದಿನೈದು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಬಿಚ್ಚಿ ನೋಡುವ ಅವಕಾಶ ಅವಳಿಗಷ್ಟೇ ಸಿಗುತ್ತದೆ.

ಪುಸ್ತಕಗಳ ಲೆಕ್ಕವನ್ನು ಮೊದಲು ಹೇಳಿಬಿಡುತ್ತೇನೆ. ಅದು ಕಠೋರವಾದುದು. ಮಾಸಿದ ಹುಣ್ಣುಗಳಲ್ಲಿ ಶೇಕಡಾ 40ರಷ್ಟು ಒಂದೇ ವರ್ಷದೊಳಗೆ, ಶೇಕಡಾ 65ರಷ್ಟು ಐದು ವರ್ಷಗಳೊಳಗೆ ಮರುಕಳಿಸುತ್ತವೆ. ಹುಣ್ಣಾದವರಲ್ಲಿ ನೂರಕ್ಕೆ ಸುಮಾರು 30 ಜನ ಐದು ವರ್ಷಗಳೊಳಗೆ ತೀರಿಕೊಳ್ಳುತ್ತಾರೆ. ಬೆರಳು ಅಥವಾ ಪಾದದ ಒಂದು ಭಾಗವನ್ನು ಕಳೆದುಕೊಂಡವರಲ್ಲಿ ಈ ಸಂಖ್ಯೆ ಸುಮಾರು 46. ಕಣಕಾಲಿನಿಂದ ಮೇಲಕ್ಕೆ ಕಾಲು ಕಳೆದುಕೊಂಡವರಲ್ಲಿ 50ಕ್ಕೂ ಮಿಗಿಲು. ಎಲ್ಲ ಬಗೆಯ ಕ್ಯಾನ್ಸರುಗಳನ್ನು ಒಟ್ಟು ಸೇರಿಸಿದರೆ ಐದು ವರ್ಷಗಳ ಮರಣ ಪ್ರಮಾಣ ಶೇಕಡಾ 31ರ ಆಸುಪಾಸಿನಲ್ಲಿದೆ. ಕ್ಯಾನ್ಸರ್ ಎಂದರೆ ಮನೆಮಂದಿಯೆಲ್ಲ ನಡುಗುತ್ತಾರೆ, ಸಾಲ ಮಾಡಿ ಓಡಾಡುತ್ತಾರೆ. ಅಷ್ಟೇ ಮಾರಕವಾದ ಅಂಗಾಲಿನ ಹುಣ್ಣಿಗೆ ಅರಿಶಿನ ಹಚ್ಚಿ ತೋಟಕ್ಕೆ ಹೋಗುತ್ತಾರೆ. ಕಾರಣ ಒಂದೇ: ಅದು ನೋಯುವುದಿಲ್ಲ.

ಈ ನೋಯದಿರುವಿಕೆಯೇ ರೋಗದ ಮರ್ಮ. ಸಕ್ಕರೆಯ ಅಂಶ ಬಹುಕಾಲ ಏರಿಯೇ ಇದ್ದರೆ ಕಾಲಿನ ನರಗಳು ತುದಿಯಿಂದ ಸಾಯುತ್ತಾ ಬರುತ್ತವೆ. ಮೊದಲು ಜೋಮು, ಬಳಿಕ ಹತ್ತಿಯ ಮೇಲೆ ನಡೆದಂತಹ ಭಾವನೆ, ಕೊನೆಗೆ ಏನೂ ಇಲ್ಲ. ಬೆವರಿನ ನರಗಳೂ ಸತ್ತು ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಮಡಚಿಕೊಳ್ಳುತ್ತವೆ. ಭಾರವೆಲ್ಲ ಒಂದೆರಡು ಮೂಳೆಗಳ ತಲೆಯ ಮೇಲೆ ಬಿದ್ದು ಅಲ್ಲಿ ಆಣಿ ಬೆಳೆಯುತ್ತದೆ. ಆಣಿಯೆಂದರೆ ಚಪ್ಪಲಿಯೊಳಗೆ ಸಿಕ್ಕಿಕೊಂಡ ಕಲ್ಲಿನಂತೆಯೇ. ನಡೆದಷ್ಟೂ ಒಳಗಿನ ಮಾಂಸವನ್ನು ಜಜ್ಜುತ್ತದೆ. ಮೇಲೆ ಗಟ್ಟಿ ಚರ್ಮ, ಕೆಳಗೆ ರಕ್ತ, ಅದರ ಕೆಳಗೆ ಕೀವು. ಜೊತೆಗೆ ರಕ್ತನಾಳಗಳೂ ಕಿರಿದಾಗಿದ್ದರೆ, ಗಾಯ ಮಾಸಲು ಬೇಕಾದ ರಕ್ತವೂ ಇಲ್ಲ, ನಾವು ಕೊಡುವ ಔಷಧಿ ಅಲ್ಲಿಗೆ ತಲುಪಲು ದಾರಿಯೂ ಇಲ್ಲ.

ನಮ್ಮ ಊರಿನ ಬದುಕು ಇಂತಹ ಪಾದಕ್ಕೆ ಹೇಳಿಮಾಡಿಸಿದ ಶತ್ರು. ಮಳೆಗಾಲದ ನಾಲ್ಕು ತಿಂಗಳು ಬೆರಳ ಸಂದಿಗಳು ಒಣಗುವುದೇ ಇಲ್ಲ. ತೋಟದಲ್ಲಿ ನಾಚಿಕೆಮುಳ್ಳು, ಹಟ್ಟಿಯಲ್ಲಿ ಸಗಣಿ, ಬಚ್ಚಲಲ್ಲಿ ಹಂಡೆಯ ಕುದಿನೀರು. ಮನೆಯೊಳಗೆ ಚಪ್ಪಲಿ ಹಾಕುವ ಪದ್ಧತಿ ಇಲ್ಲ. ದೇವಸ್ಥಾನದಲ್ಲಂತೂ ಆ ಮಾತೇ ಇಲ್ಲ. ಮೇಷ ಮಾಸದ ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಮೂರು ಸುತ್ತು ಬಂದರೆ ಜೀವವಿರುವ ಪಾದ ಎಗರೆಗರಿ ಹೆಜ್ಜೆ ಹಾಕುತ್ತದೆ, ಜೀವವಿಲ್ಲದ ಪಾದ ಶಾಂತವಾಗಿ ಬೇಯುತ್ತದೆ. ಇಲಿ ಕಚ್ಚಿದ ಬೆರಳುಗಳನ್ನೂ ನಾನು ಕಟ್ಟಿದ್ದೇನೆ. ರಾತ್ರಿ ಇಲಿ ತಿಂದದ್ದು ಬೆಳಗ್ಗೆ ಹಾಸಿಗೆಯ ರಕ್ತ ನೋಡಿದ ಮೇಲೆ ತಿಳಿದದ್ದು ಎಂದರೆ ಕೇಳಿದವರು ನಂಬುವುದಿಲ್ಲ.

ನಂಬಿದ ಒಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಬಾಲ್ಯ ಕಳೆದ ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳ ಚಿಕಿತ್ಸೆಗೆ ತೊಡಗಿದರು. ಕುಷ್ಠದಲ್ಲಿ ಮಾಂಸ ತಾನಾಗಿ ಕೊಳೆತು ಉದುರುತ್ತದೆ ಎಂದೇ ಲೋಕ ನಂಬಿತ್ತು. ಹಾಗಲ್ಲ, ನೋವಿನ ಅರಿವು ಹೋದುದರಿಂದ ರೋಗಿಯು ತಿಳಿಯದೆ ಮಾಡಿಕೊಳ್ಳುವ ಗಾಯಗಳೇ ಅಂಗವನ್ನು ತಿನ್ನುತ್ತವೆ ಎಂಬುದನ್ನು ಅವರು ತೋರಿಸಿಕೊಟ್ಟರು. ಭಾರವನ್ನು ಪಾದದ ತುಂಬ ಹಂಚುವ ಪ್ಲಾಸ್ಟರಿನ ಕಟ್ಟು, ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಇವೆರಡೂ ಕುಷ್ಠರೋಗಿಗಳ ಸೇವೆಯಲ್ಲಿ ಪಳಗಿ ಬಂದ ಸಾಧನಗಳು. 1966ರಲ್ಲಿ ಬ್ರ್ಯಾಂಡ್ ಅಮೆರಿಕೆಯ ಕಾರ್ವಿಲ್ ಎಂಬಲ್ಲಿನ ಕುಷ್ಠ ಚಿಕಿತ್ಸಾಲಯಕ್ಕೆ ಹೋದಾಗ, ಅದೇ ಬಗೆಯ ಹುಣ್ಣುಗಳು ಮಧುಮೇಹಿಗಳ ಪಾದದಲ್ಲಿಯೂ ಇರುವುದನ್ನು ಕಂಡು ಆ ವಿದ್ಯೆಯನ್ನು ಅವರಿಗೂ ಅನ್ವಯಿಸಿದರು. ಇಂದು ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯ ಪಾದಕ್ಕೆ ಹಾಕುವ ಪ್ಲಾಸ್ಟರಿನ ಬೇರು ಬಹುಮಟ್ಟಿಗೆ ನಮ್ಮ ನೆರೆಯ ಕುಷ್ಠಾಶ್ರಮಗಳಲ್ಲಿದೆ.

ಈ ಹಿರಿಮೆಯೇ ನಮಗೆ ತೊಡಕಾದದ್ದೂ ಉಂಟು. ಎಂ.ಸಿ.ಆರ್. ಚಪ್ಪಲಿಯನ್ನು ಕಂಡೊಡನೆ ಹಳಬರು ಮುಖ ಸಿಂಡರಿಸುತ್ತಿದ್ದರು. "ಇದು ದೊಡ್ಡ ರೋಗದವರ ಚಪ್ಪಲಿಯಲ್ಲವೇ? ಇದನ್ನು ಹಾಕಿಕೊಂಡು ಮದುವೆ ಮನೆಗೆ ಹೋಗುವುದು ಹೇಗೆ ಸಿಸ್ಟರೇ?" ಎಂದು ಅಡಿಕೆ ಕೃಷಿಕರೊಬ್ಬರು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಆ ಕೃಷಿಕರ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ನಮ್ಮ ಮಾಸ್ಟ್ರ ಕಥೆ. ಹೆಸರು ಬರೆಯಬಾರದೆಂದು ಅವರ ಮನೆಯವರು ಹೇಳಿದ್ದಾರೆ. ಶಾಲೆಯ ಮೊದಲ ಹದಿನೈದು ವರ್ಷಗಳಲ್ಲಿ ಕಲಿತವರಿಗೆ ಹೆಸರು ಬೇಕಾಗಿಯೂ ಇಲ್ಲ. ಕೋಷ್ಟಕ ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ, ಸರಿ ಹೇಳುವ ತನಕ ತಾವೂ ಕುಳಿತುಕೊಳ್ಳದೆ ನಿಲ್ಲುತ್ತಿದ್ದ ಗಣಿತದ ಮಾಸ್ಟ್ರು ಎಂದರೆ ಸಾಕು. 1990ರಲ್ಲಿ ನಿವೃತ್ತರಾದರು. 1998ರಲ್ಲಿ, ತಮ್ಮ 63ನೆಯ ವಯಸ್ಸಿನಲ್ಲಿ, ಬಲಗಾಲಿನ ಎರಡನೆಯ ಬೆರಳು ಕಪ್ಪಾಗಿ ನಮ್ಮಲ್ಲಿಗೆ ಬಂದರು. ದೇವಸ್ಥಾನದ ಕಾದ ಅಂಗಣದಲ್ಲಿ ಎದ್ದ ಬೊಬ್ಬೆಯೊಂದು ಒಡೆದು ಮೂರು ವಾರ ಕಳೆದಿತ್ತು. ಜಗಲಿಯ ನೆಲದಲ್ಲಿ ಕಲೆ ಕಂಡು ಮನೆಯ ಅಮ್ಮನವರು ಪತ್ತೆ ಹಚ್ಚಿದ್ದರು. ಬೆರಳನ್ನು ತೆಗೆಯಬೇಕಾಯಿತು. ಗಾಯ ಮಾಸಲು ನಾಲ್ಕು ತಿಂಗಳು ಹಿಡಿಯಿತು. ಕೊನೆಯ ದಿನ ಪಟ್ಟಿ ಬಿಚ್ಚಿದಾಗ ಅವರು ಕೇಳಿದ ಪ್ರಶ್ನೆ, ಅದುವರೆಗೆ ಯಾವ ರೋಗಿಯೂ ನನ್ನಲ್ಲಿ ಕೇಳಿರಲಿಲ್ಲ: "ಇದು ಮತ್ತೆ ಆಗುವ ಸಂಭವ ಎಷ್ಟು?"

ಗಣಿತದವರಲ್ಲವೇ, ಸುತ್ತಿ ಬಳಸಿ ಹೇಳಿದರೆ ಒಪ್ಪುವವರಲ್ಲ. ವೈದ್ಯರನ್ನು ಕೇಳಿ ತಿಳಿದು, ಅರ್ಧಕ್ಕರ್ಧ ಮಂದಿಗೆ ಮತ್ತೆ ಆಗುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ವಾಸಿಯಾಯಿತು ಎಂದು ಯಾಕೆ ಹೇಳುತ್ತೀರಿ? ಶೇಷ ಉಳಿದಿದೆ ಎನ್ನಿ" ಎಂದರು. ವರ್ಷಗಳ ಬಳಿಕ, ಈ ವಿಷಯದ ತಜ್ಞರು ಮಾಸಿದ ಹುಣ್ಣನ್ನು ವಾಸಿಯಾದ ರೋಗವೆಂದು ಕರೆಯದೆ, ಕ್ಯಾನ್ಸರಿನಲ್ಲಿ ಹೇಳುವಂತೆ ತಾತ್ಕಾಲಿಕ ಶಮನ ಎಂದೇ ಕರೆಯಬೇಕೆಂದು ಬರೆಯತೊಡಗಿದಾಗ ನನಗೆ ಮಾಸ್ಟ್ರ ಮಾತು ನೆನಪಾಯಿತು. ಮಾಸಿದ ಜಾಗದ ಚರ್ಮ ಹಿಂದಿನಷ್ಟು ಗಟ್ಟಿಯಾಗುವುದಿಲ್ಲ. ಸತ್ತ ನರ ಮರಳುವುದಿಲ್ಲ. ಒಂದು ಬೆರಳು ಹೋದರೆ ಅದರ ಪಾಲಿನ ಭಾರವನ್ನು ಪಕ್ಕದ ಬೆರಳು ಹೊರುತ್ತದೆ. ಹುಣ್ಣನ್ನು ತಂದ ಕಾರಣಗಳೆಲ್ಲ ಇದ್ದಲ್ಲಿಯೇ ಇವೆ. ಹೋದದ್ದು ಹುಣ್ಣು ಮಾತ್ರ.

ಅಂದಿನಿಂದ ಮಾಸ್ಟ್ರು ಒಂದು ಪುಸ್ತಕ ಇಟ್ಟರು. ನಾಲ್ಕು ಗೆರೆಗಳ ಕಾಪಿ ಪುಸ್ತಕ. ರಾತ್ರಿ ಊಟವಾದ ಮೇಲೆ ಅಮ್ಮನವರು ದೀಪದ ಹತ್ತಿರ ಮಣೆ ಹಾಕಿ ಕುಳಿತು ಅವರ ಎರಡೂ ಅಂಗಾಲುಗಳನ್ನು, ಬೆರಳ ಸಂದಿಗಳನ್ನು, ಹಿಮ್ಮಡಿಯನ್ನು ನೋಡಿ ಹೇಳುವುದು, ಅವರು ತಾರೀಕು ಹಾಕಿ ಬರೆದುಕೊಳ್ಳುವುದು. ಅಮ್ಮನವರು ಇಲ್ಲದ ದಿನ ನೆಲದ ಮೇಲೆ ಕನ್ನಡಿ ಇಟ್ಟು ತಾವೇ ನೋಡುವುದು. ಬಹುಪಾಲು ಪುಟಗಳಲ್ಲಿ "ಏನೂ ಇಲ್ಲ" ಎಂದಷ್ಟೇ ಇದೆ. ಎಂ.ಸಿ.ಆರ್. ಚಪ್ಪಲಿಯಲ್ಲಿ ಎರಡು ಜೊತೆ ಮಾಡಿಸಿದರು: ಒಂದು ಹೊರಗೆ, ಒಂದು ಮನೆಯೊಳಗೆ. ಮನೆಯೊಳಗೆ ಚಪ್ಪಲಿಯೇ ಎಂದು ನೆಂಟರು ಆಡಿಕೊಂಡರು. "ಇದು ಚಪ್ಪಲಿಯಲ್ಲ, ಔಷಧಿ" ಎಂದು ಉತ್ತರ ಕೊಡುತ್ತಿದ್ದರಂತೆ. ದೇವರ ಕೋಣೆಯ ಹೊಸ್ತಿಲಲ್ಲಿ ಮಾತ್ರ ಬಿಡುತ್ತಿದ್ದರು. ದೇವಸ್ಥಾನಕ್ಕೆ ಬೆಳಗ್ಗಿನ ಪೂಜೆಗೇ ಹೋಗಿ ಬಿಸಿಲೇರುವ ಮೊದಲು ಮರಳುತ್ತಿದ್ದರು. ಎರಡು ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬಂದು ಆಣಿ ಕೆರೆಸಿಕೊಳ್ಳುವುದನ್ನು ತಪ್ಪಿಸಲಿಲ್ಲ. ಒಮ್ಮೆ ಹುಣ್ಣಾದವರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂಬುದು ಇಂದಿನ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿಯೂ ಇದೆ.

2004ರ ಜುಲೈಯಲ್ಲಿ ಪುಸ್ತಕದಲ್ಲಿ ಬೇರೊಂದು ವಾಕ್ಯ ಬಂತು: ಹೆಬ್ಬೆರಳ ಬುಡದ ಆಣಿಯ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಮರುದಿನವೇ ಬಸ್ಸು ಹತ್ತಿ ಬಂದರು. ಆಣಿಯನ್ನು ಕೆರೆದು ನೋಡಿದರೆ ಕೆಳಗೆ ಹೆಪ್ಪುಗಟ್ಟಿದ ರಕ್ತ, ಎಳೆಯ ಹುಣ್ಣು. ಮೂರು ವಾರ ಕಾಲೂರದೆ ಇದ್ದು ಮಾಸಿತು. ಸಾಸಿವೆಯಷ್ಟಿದ್ದಾಗ ಕಂಡ ಹುಣ್ಣು ಮೂರು ವಾರ; ಬೆರಳು ಕಪ್ಪಾದ ಮೇಲೆ ಕಂಡ ಹುಣ್ಣು ನಾಲ್ಕು ತಿಂಗಳು ಮತ್ತು ಒಂದು ಬೆರಳು. ಬೇರೆ ಯಾವ ಲೆಕ್ಕವನ್ನೂ ನಾನು ಇಷ್ಟು ಸುಲಭವಾಗಿ ರೋಗಿಗಳಿಗೆ ವಿವರಿಸಲಾರೆ.

ಇನ್ನು ಅಡಿಕೆ ಕೃಷಿಕರು. ಮಾಸ್ಟ್ರಿಗಿಂತ ಎಂಟು ಹತ್ತು ವರ್ಷ ಕಿರಿಯರು, ಅನುಕೂಲಸ್ಥರು, ನಗುಮುಖದವರು. ಹುಣ್ಣು ಮಾಸಿದ ವಾರವೇ ಬರಿಗಾಲಿನಲ್ಲಿ ತೋಟಕ್ಕಿಳಿದರು. ಅವರನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಕೊಯ್ಲಿನ ಕಾಲದಲ್ಲಿ ಕಾಲು ಮೇಲಿಟ್ಟುಕೊಂಡು ಕುಳಿತಿರು ಎಂದು ಕೃಷಿಕನಿಗೆ ಹೇಳುವುದು ಸುಲಭ, ಕುಳಿತಿರುವುದು ಸುಲಭವಲ್ಲ. ಎರಡು ವರ್ಷಗಳಲ್ಲಿ ಕಿರುಬೆರಳು, ನಾಲ್ಕನೆಯ ವರ್ಷ ಅರ್ಧ ಪಾದ, ಐದನೆಯ ವರ್ಷ ಮೊಣಕಾಲಿನ ಕೆಳಗೆ. ಬೆಂಗಳೂರಿನಲ್ಲಿರುವ ಮಗ ಜೈಪುರ ಕಾಲು ಮಾಡಿಸಿಕೊಟ್ಟ. ಜೈಪುರದ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ 1960ರ ದಶಕದ ಕೊನೆಯಲ್ಲಿ ರೂಪಿಸಿದ ಈ ಕಾಲನ್ನು ತೊಟ್ಟು ಗದ್ದೆಯಲ್ಲಿ ನಡೆಯಬಹುದು, ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಬಹುದು. ಅಪಘಾತದಲ್ಲಿ ಕಾಲು ಹೋದ ಯುವಕನಿಗೆ ಅದು ಮರುಹುಟ್ಟು. ಸಕ್ಕರೆಯಿಂದ ಕಾಲು ಹೋದ ಅರುವತ್ತರ ವೃದ್ಧನ ಮಾತು ಬೇರೆ. ಅವನ ಉಳಿದ ಕಾಲಿಗೂ ಅದೇ ಸತ್ತ ನರ, ಅದೇ ಕಿರಿದಾದ ರಕ್ತನಾಳ. ಇನ್ನು ಮುಂದೆ ದೇಹದ ಭಾರವೂ ಹೆಚ್ಚು. ಒಂದು ಕಾಲು ಕಳೆದವರ ಮನೆಯಲ್ಲಿ ಎಲ್ಲರ ಕಣ್ಣು ಹೋದ ಕಾಲಿನ ಮೇಲೆ ಇರುತ್ತದೆ. ಉಳಿದ ಕಾಲನ್ನು ನೋಡುವವರಿಲ್ಲ. ಅವರ ಎಡಗಾಲಿನಲ್ಲಿ ಹುಣ್ಣು ಕಾಣಿಸಿದಾಗ ನಾನೇ ಪಟ್ಟಿ ಕಟ್ಟಿದೆ. ಅದು ಮಾಸುವ ಮೊದಲೇ ಒಂದು ಬೆಳಗ್ಗೆ ಎದೆನೋವಿನಿಂದ ತೀರಿಕೊಂಡರು.

"ಕಾಲಿನ ಕಾಯಿಲೆಯವರಿಗೆ ಹೃದಯಾಘಾತ ಹೇಗಾಯಿತು?" ಎಂದು ಅವರ ಹೆಂಡತಿ ನನ್ನನ್ನು ಕೇಳಿದರು. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ವಿದ್ಯಾವಂತರಲ್ಲಿಯೂ ಈ ತಿಳಿವಳಿಕೆ ಕಡಿಮೆ. ಪಾದದ ಹುಣ್ಣಿನವರು ಸಾಮಾನ್ಯವಾಗಿ ಪಾದದಿಂದ ಸಾಯುವುದಿಲ್ಲ. ಕೀವು ರಕ್ತಕ್ಕೇರಿ ಸಾಯುವವರು ಇದ್ದಾರೆ, ಆದರೆ ಹೆಚ್ಚಿನವರನ್ನು ಒಯ್ಯುವುದು ಹೃದಯ, ಮೆದುಳಿನ ಆಘಾತ, ಮೂತ್ರಪಿಂಡ. ಕಾಲಿನ ರಕ್ತನಾಳವನ್ನು ಕಿರಿದಾಗಿಸಿದ ರೋಗವೇ ಹೃದಯದ ರಕ್ತನಾಳದಲ್ಲಿಯೂ ಕುಳಿತಿರುತ್ತದೆ. ಪಾದ ಮೊದಲು ಹೇಳುತ್ತದೆ, ಅಷ್ಟೇ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಪಾದದ ಹುಣ್ಣಿನಿಂದ ಬಂದವರೆಲ್ಲರ ಹೃದಯದ ಅಪಾಯವನ್ನೂ ತಪಾಸಣೆ ಮಾಡಿ, ಕೊಲೆಸ್ಟರಾಲ್, ರಕ್ತದೊತ್ತಡದ ಔಷಧಿಗಳನ್ನು ಬಿಗಿಯಾಗಿ ಕೊಡುವ ಪದ್ಧತಿಯನ್ನು ತಂದರು. 2008ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಐದು ವರ್ಷಗಳ ಮರಣ ಪ್ರಮಾಣ ಶೇಕಡಾ 48ರಿಂದ 27ಕ್ಕೆ ಇಳಿದಿದೆ. ಇತರ ಸುಧಾರಣೆಗಳ ಪಾಲೂ ಅದರಲ್ಲಿ ಇರಬಹುದು. ಆದರೂ ನನ್ನ ಮಟ್ಟಿಗೆ, ಈ ಲೇಖನದ ಆರಂಭದಲ್ಲಿ ಕೊಟ್ಟ ಭಯಂಕರ ಅಂಕಿಗಳು ಹಣೆಬರಹವಲ್ಲ ಎಂಬುದಕ್ಕೆ ಇಷ್ಟು ಸಾಕು. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಡುವವರು ಹೃದಯದ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು, ಬೀಡಿ ಸಿಗರೇಟು ಇದ್ದರೆ ಅಂದೇ ಬಿಡಬೇಕು.

ಬೀಡಿ ಎಂದಾಗ ಮತ್ತೊಬ್ಬರ ನೆನಪಾಗುತ್ತದೆ. ಬೀಡಿ ಸೇದುವವರಲ್ಲ, ಕಟ್ಟುವವರು. ಮೂವತ್ತು ವರ್ಷ ಕಾಲು ಮಡಚಿ ಕುಳಿತು ಬೀಡಿ ಕಟ್ಟಿ ಮೂವರು ಹೆಣ್ಣುಮಕ್ಕಳನ್ನು ಓದಿಸಿದ ತಾಯಿ. ಆ ಮಕ್ಕಳೂ ಇದೇ ಶಾಲೆಯಲ್ಲಿ ಕಲಿತವರು. ಅವರ ಹುಣ್ಣು ಅಂಗಾಲಿನಲ್ಲಿರಲಿಲ್ಲ, ಕಣಕಾಲಿನ ಹೊರಗಂಟಿನ ಮೇಲಿತ್ತು. ವಿದೇಶದ ಪುಸ್ತಕಗಳು ಅಂಗಾಲನ್ನೇ ನೋಡು ಎನ್ನುತ್ತವೆ. ನೆಲದ ಮೇಲೆ ಕುಳಿತು ದುಡಿಯುವ ನಮ್ಮ ಹೆಂಗಸರಲ್ಲಿ ನೆಲಕ್ಕೆ ಒತ್ತುವ ಗಂಟನ್ನೂ ನೋಡಬೇಕು. ಮಗಳ ಮದುವೆ ಮುಗಿಯಲಿ ಎಂದು ಎರಡು ತಿಂಗಳು ಸೀರೆಯ ಅಂಚಿನಲ್ಲಿ ಮುಚ್ಚಿಟ್ಟಿದ್ದರು. ಮಂಗಳೂರಿಗೆ ಬಂದು ಹೋಗುವ ಒಂದು ದಿನವೆಂದರೆ ಒಂದು ದಿನದ ಬೀಡಿ ಇಲ್ಲ. ವಾಸಿಯಾಗುವುದು ಬರಿಯ ಔಷಧಿಯಿಂದಲ್ಲ, ಕುಳಿತು ತಿನ್ನಬಲ್ಲ ಶಕ್ತಿಯಿಂದ ಎಂಬುದನ್ನು ಅವರಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಲಿಲ್ಲ. ಮಕ್ಕಳು ಕೂಡಿಕೊಂಡು ಎತ್ತರದ ಮೇಜು, ಕುರ್ಚಿ ಮಾಡಿಸಿಕೊಟ್ಟರು. ಕುರ್ಚಿಯಲ್ಲಿ ಕುಳಿತು, ಕಾಲನ್ನು ಸ್ಟೂಲಿನ ಮೇಲಿಟ್ಟು ಬೀಡಿ ಕಟ್ಟಿದರು. ಹುಣ್ಣು ಮಾಸಿತು. ಈಗಲೂ ಇದ್ದಾರೆ.

ಇನ್ನು ಹೇಳಬೇಕಾದದ್ದು ಭಾಷೆಯ ವಿಷಯ. ಬಿಡುಗಡೆಯ ದಿನ ರೋಗಿಯ ಕೈಗೆ ಒಂದು ಕಾಗದ ಕೊಡುತ್ತಾರೆ, ಇಂಗ್ಲಿಷಿನಲ್ಲಿ. ಕೊನೆಯ ಸಾಲಿನಲ್ಲಿ "ಫುಟ್ ಕೇರ್ ಅಡ್ವೈಸ್ಡ್" ಎಂದಿರುತ್ತದೆ. ಹತ್ತು ವರ್ಷ ಪ್ರತಿ ರಾತ್ರಿ ಮಾಡಬೇಕಾದ ಕೆಲಸವೆಲ್ಲ ಆ ಮೂರು ಪದಗಳಲ್ಲಿ ಮುಗಿಯಿತು. ಗಡಿಯ ಈಚೆ ಬಂದರೆ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಒಳ್ಳೆಯ ಚಿತ್ರಪಟಗಳಿರುತ್ತವೆ, ಮಲಯಾಳದಲ್ಲಿ. ನಮ್ಮ ಹಿರಿಯರು ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕ ಕನ್ನಡವೋ ಆಡುವವರು. ಓದಲು ಬರುವುದು ಕನ್ನಡ ಒಂದೇ. 1956ರಲ್ಲಿ ಎಳೆದ ಗೆರೆಯ ಬಗ್ಗೆ ಭಾಷಣಗಳಲ್ಲಿ ಬಹಳ ಕೇಳಿದ್ದೇವೆ. ಆ ಗೆರೆ ಒಬ್ಬ ಅಜ್ಜಿಯ ಅಂಗಾಲಿನವರೆಗೂ ಹಾದುಹೋಗುತ್ತದೆ ಎಂಬುದನ್ನು ನಾನು ಗಾಯ ಕಟ್ಟುವ ಕೋಣೆಯಲ್ಲಿ ಕಂಡೆ.

1999ರಲ್ಲಿ ನಾನೇ ಒಂದು ಹಾಳೆ ಬರೆದು ಮಾಸ್ಟ್ರಿಗೆ ತೋರಿಸಿದೆ. "ಪಾದಗಳನ್ನು ಪ್ರತಿದಿನವೂ ಪರೀಕ್ಷಿಸಿಕೊಳ್ಳತಕ್ಕದ್ದು, ಶುಷ್ಕತೆಯನ್ನು ನಿವಾರಿಸತಕ್ಕದ್ದು" ಎಂಬ ಧಾಟಿಯಲ್ಲಿತ್ತು. ಶಾಲೆಯಲ್ಲಿ ಲೆಕ್ಕಕ್ಕೆ ಎಳೆಯುತ್ತಿದ್ದಂತೆಯೇ ಅಡ್ಡಗೆರೆ ಎಳೆದರು. "ಇದನ್ನು ಯಾರಿಗೆ ಬರೆದಿದ್ದೀ? ಇನ್‌ಸ್ಪೆಕ್ಟರಿಗೋ? ಅಂಗಾಲು ನೋಡಿ ಎಂದು ಬರೆ. ಯಾವಾಗ ನೋಡಬೇಕು? ರಾತ್ರಿ ಊಟದ ಮೇಲೆ. ಯಾರು ನೋಡಬೇಕು? ಕಣ್ಣು ಚೆನ್ನಾಗಿರುವವರು. ಅದನ್ನು ಬರೆ." ಕಣ್ಣು ಚೆನ್ನಾಗಿರುವವರು ಎಂಬುದು ನನಗೆ ಹೊಳೆದಿರದ ಮಾತು. ಸಕ್ಕರೆ ಪಾದವನ್ನು ಕೆಡಿಸುವಷ್ಟು ಹಳೆಯದಾಗಿದ್ದರೆ ಕಣ್ಣನ್ನೂ ಕೆಡಿಸಿರುತ್ತದೆ. ತನ್ನ ಪಾದವನ್ನು ತಾನೇ ನೋಡಿಕೋ ಎಂದು ಮಂಜುಗಣ್ಣಿನ ಅಜ್ಜನಿಗೆ ಹೇಳಿ ಪ್ರಯೋಜನವಿಲ್ಲ. ಕೊನೆಗೆ ಉಳಿದದ್ದು ಹನ್ನೊಂದು ಸಾಲು, ದಪ್ಪ ಅಕ್ಷರದಲ್ಲಿ. ಚಪ್ಪಲಿ ಮೆಟ್ಟುವ ಮೊದಲು ಕೊಡವಿ, ಒಳಗೆ ಕೈ ಹಾಕಿ ನೋಡಿ. ಬಿಸಿನೀರನ್ನು ಕಾಲಿನಿಂದ ನೋಡಬೇಡಿ, ಮೊಣಕೈಯಿಂದ ನೋಡಿ. ಬೆರಳ ಸಂದಿಗೆ ಎಣ್ಣೆ ಬೇಡ, ಹಿಮ್ಮಡಿಗೆ ಬೇಕು. ಆಣಿಗೆ ಬ್ಲೇಡು, ಕಾರ್ನ್ ಪಟ್ಟಿ ಎರಡೂ ಬೇಡ. ಗಾಯವಿಲ್ಲದೆಯೇ ಒಂದು ಪಾದ ಕೆಂಪಾಗಿ, ಬಿಸಿಯಾಗಿ ಊದಿದರೆ ನಡೆಯಬೇಡಿ, ಆ ದಿನವೇ ಬನ್ನಿ. ಈ ಸಾಲನ್ನು ಸೇರಿಸಿದ್ದು, ನೋವಿಲ್ಲದೆ ಮೂಳೆಗಳೇ ಕುಸಿಯುವ ಶಾರ್ಕೋ ಪಾದ ಎಂಬ ತೊಂದರೆಗಾಗಿ. ಮೊದಲ ವಾರಗಳಲ್ಲಿ ಕಾಲೂರಿದರೆ ಪಾದದ ಕಮಾನು ದೋಣಿಯ ತಳದಂತೆ ಕೆಳಗಿಳಿದು, ಮುಂದೆ ಬದುಕಿಡೀ ಅಲ್ಲಿಯೇ ಹುಣ್ಣಾಗುತ್ತದೆ.

ಆ ಹಾಳೆ ಎಷ್ಟು ಪ್ರತಿಯಾಯಿತೋ ಲೆಕ್ಕವಿಟ್ಟಿಲ್ಲ. ಅದರ ಬೆಲೆ ನನಗೆ ತಿಳಿದದ್ದು 2020ರಲ್ಲಿ. ಮಾರ್ಚ್ ಕೊನೆಯ ವಾರ ಕೊರೋನಾ ಕಾರಣದಿಂದ ತಲಪಾಡಿಯಲ್ಲಿ ದಾರಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಬಿತ್ತು. ನಾನು ಈಚೆ, ನನ್ನ ಆಸ್ಪತ್ರೆ ಆಚೆ. ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಒಮ್ಮತವಾಗಿದೆ ಎಂದು ಏಪ್ರಿಲ್ 7ರಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಹೇಳಲಾಯಿತು. ಆದರೆ ಗಾಯದ ಪಟ್ಟಿ ಬದಲಿಸುವುದು ಯಾರ ಲೆಕ್ಕದಲ್ಲಿಯೂ ತುರ್ತು ಅಲ್ಲವಷ್ಟೆ. ಆ ದಿನಗಳಲ್ಲಿ ಬೆಳಗಾದರೆ ದೂರವಾಣಿ. ಸೊಸೆಯಂದಿರು, ಮೊಮ್ಮಕ್ಕಳು ಗಾಯದ ಚಿತ್ರ ತೆಗೆದು ಕಳುಹಿಸುವುದು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯುವುದು ಹೇಗೆ, ಬಿಸಿಲಿನಲ್ಲಿ ಒಣಗಿಸಿದ ಹತ್ತಿಬಟ್ಟೆಯನ್ನು ಎಷ್ಟು ಬಿಗಿಯಾಗಿ ಕಟ್ಟಬೇಕು ಎಂದು ಕೇಳುವುದು. ಹೆಚ್ಚಿನವರ ಗಾಯ ಮನೆಯಲ್ಲಿಯೇ ಮಾಸಿತು. ಊರೆಲ್ಲ ಮನೆಯಲ್ಲಿ ಕುಳಿತಿದ್ದಾಗ ಇವರ ಪಾದಗಳಿಗೂ ವಿಶ್ರಾಂತಿ ಸಿಕ್ಕಿತ್ತು. ಒಬ್ಬರಿಗೆ ಮಾತ್ರ ರಕ್ತನಾಳ ಬಿಡಿಸುವ ಚಿಕಿತ್ಸೆಯೇ ಬೇಕಾಗಿತ್ತು. ಒಂದು ಕಪ್ಪು ಬೆರಳಿನೊಂದಿಗೆ ಕಾದರು. ಮೇ ತಿಂಗಳಲ್ಲಿ ದಾಟಿ ಹೋಗುವಷ್ಟರಲ್ಲಿ ಮೊಣಕಾಲಿನ ಕೆಳಗಿನ ಭಾಗ ಉಳಿಯಲಿಲ್ಲ. ಅವರ ಮನೆಯವರು ಯಾರನ್ನೂ ದೂರಲಿಲ್ಲ. ನನಗೆ ಮಾತ್ರ ಆ ಮೌನ ದೂರಿಗಿಂತ ಭಾರವಾಗಿತ್ತು.

ಮಾಸ್ಟ್ರು ಇದನ್ನೆಲ್ಲ ನೋಡಲಿಲ್ಲ. 2011ರಲ್ಲಿ, ಬೆರಳು ಹೋದ 13 ವರ್ಷಗಳ ಬಳಿಕ, ನಿದ್ದೆಯಲ್ಲಿಯೇ ಹೃದಯ ನಿಂತು ತೀರಿಕೊಂಡರು. ಹಿಂದಿನ ರಾತ್ರಿಯ ಪುಟದಲ್ಲಿಯೂ "ಏನೂ ಇಲ್ಲ" ಎಂದೇ ಇತ್ತಂತೆ. ಪುಸ್ತಕಗಳು ಒಟ್ಟು ಒಂಬತ್ತು. ಅಮ್ಮನವರು ಅವನ್ನು ಪಂಚಾಂಗಗಳ ಜೊತೆ ಕಟ್ಟಿಟ್ಟಿದ್ದರು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಒಂದು ಪರೀಕ್ಷೆ ಮಾಡಿಸಿ. 10 ಗ್ರಾಂ ಬಲಕ್ಕೆ ಬಾಗುವ ನೈಲಾನಿನ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ, ಕಣ್ಣು ಮುಚ್ಚಿದ ರೋಗಿಗೆ ಅದು ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಐದು ನಿಮಿಷದ ಕೆಲಸ. ಸಕ್ಕರೆಯಿರುವ ಎಲ್ಲರಿಗೂ ವರ್ಷಕ್ಕೊಮ್ಮೆ ಬೇಕು. ಒಮ್ಮೆ ಹುಣ್ಣಾದವರ ಮನೆಗಳಿಗಾಗಿ ಆ ಹನ್ನೊಂದು ಸಾಲಿನ ಹಾಳೆಯ 500 ಪ್ರತಿಗಳನ್ನು ಹೊಸದಾಗಿ ಅಚ್ಚು ಹಾಕಿಸಿ ಶಾಲೆಯ ಕಚೇರಿಯಲ್ಲಿ ಇಟ್ಟಿದ್ದೇನೆ. ಮಹೋತ್ಸವದ ಮೂರು ದಿನವೂ ಪುಸ್ತಕ ಮಳಿಗೆಯ ಪಕ್ಕದ ಮೇಜಿನಲ್ಲಿ ದೊರೆಯುತ್ತವೆ. ಹಾಳೆಯ ಮೇಲ್ಭಾಗದಲ್ಲಿ ಎರಡು ಗೆರೆ ಖಾಲಿ ಬಿಟ್ಟಿದೆ: ಒಂದರಲ್ಲಿ ಪಾದ ಯಾರದು ಎಂದು ಬರೆಯಬೇಕು, ಇನ್ನೊಂದರಲ್ಲಿ ನೋಡುವವರು ಯಾರು ಎಂದು.